ಸಲಿಕೆ ಲೆಕ್ಕ

ಉಲಿಯಾಸ್ತೈ. ಜನವರಿ. ಹೊರಗೆ ಮೈನಸ್ ಮೂವತ್ತೆಂಟು.
ಒಳಗೆ, ಮೂರನೇ ಮಹಡಿಯ ನನ್ನ ತರಗತಿಯಲ್ಲಿ
ಹುಡುಗರು ತೋಳು ಮಡಚಿ ಬೆವರುತ್ತ ಕೂತಿದ್ದರು.
ಕಿಟಕಿ ತೆರೆದಿತ್ತು.

ನಮ್ಮ ಬಿಸಿನೀರ ಕೊಳವೆಗೆ ತಿರುಪಿಲ್ಲ.
ಐವತ್ತು ವರ್ಷದ ಹಿಂದೆ ರಷ್ಯದವರು ಜೋಡಿಸಿ ಹೋದದ್ದು,
ಕಾದರೆ ಕಾಯಿತು, ಇಲ್ಲದಿದ್ದರೆ ಇಲ್ಲ.
ಸೆಖೆಯಾದರೆ ಕಿಟಕಿ ತೆಗೆ:
ವಿಶ್ವವಿದ್ಯಾಲಯಕ್ಕೆ ಗೊತ್ತಿದ್ದ ತಂತ್ರಜ್ಞಾನ ಅಷ್ಟೇ.

ಹಲಗೆಯ ಮೇಲೆ ನಾನು ಇಂಗಾಲದ ಗೆರೆ ಎಳೆಯುತ್ತಿದ್ದೆ,
ಮೇಲಕ್ಕೆ, ಇನ್ನೂ ಮೇಲಕ್ಕೆ,
ಸೀಮೆಸುಣ್ಣ ಚೌಕಟ್ಟಿಗೆ ಬಡಿದು ಮುರಿಯುವವರೆಗೆ.
ಹಿಂದಿನ ಬೆಂಚಿನಿಂದ ಊಗಾನ್‌ಜಯಾ ಕೇಳಿದಳು:
"ಬಗ್ಶಾ, ಈ ಪಾಠಕ್ಕೆ ಎಷ್ಟು ಸಲಿಕೆ?"

ಎಲ್ಲರೂ ನಕ್ಕರು. ನಾನೂ.
ಅವಳು ನಗಲಿಲ್ಲ.
ಅವಳ ಮನೆಯ ಕುರಿಗಳು ಕಬ್ಬಿಣದ ಜುಡ್‌ಗೆ ಸಿಕ್ಕವು.
ನಡುಚಳಿಯಲ್ಲಿ ಹಿಮ ಕರಗಿ, ರಾತ್ರೋರಾತ್ರಿ ಮತ್ತೆ ಹೆಪ್ಪುಗಟ್ಟಿ
ಹುಲ್ಲಿಗೆ ಗಾಜು ಹೊದಿಸಿದಂತೆ.
ಹುಲ್ಲು ಕಾಣುತ್ತಿತ್ತಂತೆ.
ಬಾಯಿಗೆ ಸಿಗುತ್ತಿರಲಿಲ್ಲ.

ದೀಪದ ಬುಡದಲ್ಲಿ ಕತ್ತಲೆ; ನಮ್ಮ ದೀಪಕ್ಕೆ
ಹನ್ನೊಂದು ಮೆಟ್ಟಿಲಿನ ನೆಲಮಾಳಿಗೆ.
ಹದಿನಾಲ್ಕು ವರ್ಷ ಪಾಠ ಮಾಡಿದವಳು
ಅಂದು ಮೊದಲ ಸಲ ಇಳಿದೆ.
ಕೆಂಡದ ಬಾಯಿಯೆದುರು ಚೊಯ್ಜಿಲ್,
ಹುಬ್ಬಿನ ಕೂದಲು ಯಾವತ್ತೋ ಸುಟ್ಟುಹೋದ ಮನುಷ್ಯ,
ಇಪ್ಪತ್ತು ಜನರನ್ನು ಒಮ್ಮೆಗೇ ಕಂಡು ಟೋಪಿ ತೆಗೆದ.
"ಬೆಂಕಿ ಬಿತ್ತೇ ಎಲ್ಲಾದರೂ?"

ಇಲ್ಲ, ಎಣಿಸಲು ಬಂದಿದ್ದೇವೆ.
ಗೋಡೆಯ ಮೇಲೆ ಗೀಟು ಹಾಕುತ್ತ ಹೋದೆವು.
ತೊಂಬತ್ತು ನಿಮಿಷಕ್ಕೆ ನಲವತ್ತೊಂದು ಸಲಿಕೆ.
ಅದರಲ್ಲಿ ಹದಿಮೂರು, ಅಂದ ಚೊಯ್ಜಿಲ್,
ನಿಮ್ಮ ಕಿಟಕಿಯಿಂದ ಹೊರಗೆ ಹೋಗುತ್ತದೆ,
ಬೊಗ್ದಿನ್ ಹೊಳೆಯನ್ನು ಬೆಚ್ಚಗಿಡಲು.
ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ವಾರ ಆಡಳಿತ ಭವನದಲ್ಲಿ ಹಸಿರು ಸಪ್ತಾಹದ ಸಭೆ.
ರಾಜಧಾನಿಯಿಂದ ಹೊಳೆಯುವ ಪೋಸ್ಟರು ಬಂದಿತ್ತು,
ಹಿಮಕರಡಿಯದು. ನಮ್ಮ ಜಿಲ್ಲೆಯಲ್ಲಿ ಹಿಮಕರಡಿ ಇಲ್ಲ.
ಹೋದ ಮೇ ತಿಂಗಳಲ್ಲಿ ಕುಲಪತಿಗಳು ನೆಟ್ಟ ಸಸಿಯ ಜಾಗದಲ್ಲಿ
ಫಲಕ ಮಾತ್ರ ಚಿಗುರಿದಷ್ಟು ಹಸಿರಾಗಿ ನಿಂತಿದೆ.
ಊಗಾನ್‌ಜಯಾ ಎದ್ದು
ನಲವತ್ತೊಂದು ಗೀಟು ಹಾಕಿದ ರಟ್ಟನ್ನು ಮೇಜಿನ ಮೇಲಿಟ್ಟಳು.
ಕುಲಪತಿಗಳು ಅದನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದರು.
ಗೀಟು ಹೇಗೆ ಹಿಡಿದರೂ ಗೀಟೇ.

ತಿರುಪಿಗೆ ಹಣ ಮಂಜೂರಾಗಲು ಎರಡು ಚಳಿಗಾಲ.
ಕಾಯಲಿಲ್ಲ ಹುಡುಗರು. ಊರಿಂದ ಉಣ್ಣೆಯ ಕಂಬಳಿ ತಂದರು,
ಅಜ್ಜಿಯರು ಗೆರ್ ಗೋಡೆಗೆಂದು ತುಳಿದು ತುಳಿದು ಮಾಡಿದ್ದು;
ಕಿಟಕಿಯ ಸಂದಿಗೆ ಕತ್ತರಿಸಿ ತುರುಕಿದರು.
ಭೌತಶಾಸ್ತ್ರದವರು ಉಷ್ಣಮಾಪಕ ತೂಗಿಹಾಕಿದರು,
ಲೆಕ್ಕಶಾಸ್ತ್ರದವರು ಕಲ್ಲಿದ್ದಲಿನ ಲಾರಿಯ ರಸೀದಿ ಕೇಳಿದರು,
ಸಾಹಿತ್ಯ ವಿಭಾಗದವರು ಎರಡು ದಿನ ಚರ್ಚಿಸಿ
ಕೊನೆಗೆ ಬೂದಿ ಹೊತ್ತರು.
ತರಗತಿಯಿಡೀ ಕುರಿಯ ವಾಸನೆ.
ಅದನ್ನು ಮೂಸಿದಾಗಲೆಲ್ಲ ಊಗಾನ್‌ಜಯಾ
ಸ್ವಲ್ಪ ಹೊತ್ತು ಬರೆಯುವುದನ್ನು ನಿಲ್ಲಿಸುತ್ತಿದ್ದಳು.

ಮಾರ್ಚಿಗೆ ಇಪ್ಪತ್ತೊಂಬತ್ತು ಸಲಿಕೆ.

ಪಾಠಪಟ್ಟಿಯಲ್ಲಿ ಈಗ ನೆಲಮಾಳಿಗೆಗೂ ಒಂದು ಸಂಖ್ಯೆಯಿದೆ.
ಬುಧವಾರ ಅಲ್ಲೇ ತರಗತಿ; ಚೊಯ್ಜಿಲ್ ಮೊದಲು ಮಾತಾಡುತ್ತಾನೆ,
ಹಸಿ ಕಲ್ಲಿದ್ದಲು ಹೇಗೆ ಅಳುತ್ತದೆ,
ಯಾವ ಹೊಗೆ ಊರಿನತ್ತ ಬಾಗುತ್ತದೆ.
ಮೊನ್ನೆ ಹೀಗೆಯೇ ಹೇಳುತ್ತಿದ್ದವನು ನಿಲ್ಲಿಸಿ ಕೇಳಿದ:
"ಲೆಕ್ಕ ಸೊನ್ನೆಗೆ ಬಂದ ದಿನ
ನಾನು ಎಲ್ಲಿಗೆ ಹೋಗಲಿ?"

ಕೊಳವೆಯಲ್ಲಿ ನೀರು ಟಕ್ ಟಕ್ ಅಂದಿತು.
ಅವನ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದೆ, ಉತ್ತರಕ್ಕೆ ಜಾಗ ಬಿಟ್ಟು.
ಪರೀಕ್ಷೆಯಲ್ಲಿ ಅದೂ ಇದೆ. ಅಂಕ ಇನ್ನೂ ಗೊತ್ತುಮಾಡಿಲ್ಲ.

ಗುರುವಾರ ಅವನು ಮೂರನೇ ಮಹಡಿಗೆ ಬರುತ್ತಾನೆ,
ಕೈಯನ್ನು ಎರಡೆರಡು ಸಲ ತೊಳೆದು, ಬಾಗಿಲ ಪಕ್ಕ ಕೂತು.
ಆದರೂ ಡೆಸ್ಕಿನ ಮೇಲೆ
ನಾಲ್ಕು ಬೆರಳು ಉಳಿದಿರುತ್ತವೆ.