ಎರಡು ಬಾಣ

ಬೈತಕೋಲ ಧಕ್ಕೆಯ ತೂಕದ ಕೋಣೆ.
ಕಪ್ಪು ಪರದೆ, ಬಿಳಿ ಅಕ್ಷರ.
ತಕ್ಕಡಿ ನಡುಗಿ ನಿಂತೊಡನೆ ಒಂದು ಸಾಲು:
ದೋಣಿಯ ಹೆಸರು, ಮೀನು, ಕಿಲೋ, ಹೊತ್ತು.
ಇಪ್ಪತ್ತಾರನೆಯದು ಬಂದರೆ
ಮೊದಲನೆಯದು ಮೇಲಕ್ಕೆ ಹತ್ತಿ ಎಲ್ಲಿಗೋ ಹೋಗುತ್ತದೆ.
ಬಾಲ್‌ಪೆನ್ನು ಹಿಡಿದು ಅದರ ಹಿಂದೆ ಓಡುತ್ತಿದ್ದೆ ನಾನು;
ಬರ್ಫದ ನೀರು ಕುಡಿದು ಉಬ್ಬಿದ ವಹಿಯಲ್ಲಿ
ಬಂಗಡೆಯ ಮೂರು, ತಾರ್ಲೆಯ ಎಂಟಾಗುತ್ತಿತ್ತು.

ತಕ್ಕಡಿ ರಿಪೇರಿಗೆ ಅಂಕೋಲೆಯಿಂದ ಬಂದ ಸುಲಕ್ಷಾ
ನನ್ನ ಬೆರಳಿನ ಶಾಯಿ ನೋಡಿ ನಕ್ಕಳು.
ಪ್ರೋಗ್ರಾಮಿನ ಹೆಸರು ಬರೆದು, ಪಕ್ಕಕ್ಕೊಂದು ಚಿಹ್ನೆ ಒತ್ತಿದಳು.
ಬಾಣ ಅಂದಳು. ನನಗೆ ಕಂಡದ್ದು
ಬಲಕ್ಕೆ ಹೊರಟ ದೋಣಿಯ ಮೂತಿ.
ಅದರಾಚೆ ಒಂದು ಫೈಲಿನ ಹೆಸರು: ತೂಕ.
"ಇನ್ನು ಬರಿಯೂದು ಬೇಡ, ಅದೇ ಬರ್ಕಂತದೆ."

ಪರದೆ ಬಾಯಿ ಮುಚ್ಚಿತು.
ಬುಟ್ಟಿ ಏರುತ್ತದೆ, ಇಳಿಯುತ್ತದೆ,
ಇಲ್ಲಿ ಕಣ್ಣು ಮಿಟುಕಿಸುವ ಒಂದು ಗೆರೆ, ಅಷ್ಟೇ.
ಸತ್ತಿದೆಯೇನೋ ಎಂದು ಮೂರು ಸಲ ಫೈಲು ಇಣುಕಿದೆ.
ಎಲ್ಲ ಇತ್ತು, ನನ್ನ ಕೈಬರಹಕ್ಕಿಂತ ನೆಟ್ಟಗೆ.
ವೈರು ಸಡಿಲಾದಾಗಿನ ಕೂಗು ಮಾತ್ರ,
'ತಕ್ಕಡಿ ಸಿಗುತ್ತಿಲ್ಲ' ಎಂಬ ಆ ಸಾಲು,
ಫೈಲಿಗೆ ಇಳಿಯದೆ ಪರದೆಯ ಮೇಲೇ ನಿಲ್ಲುತ್ತದೆ.
ದೂರು ದಾಖಲೆಗೆ ಸೇರುವುದಿಲ್ಲ.
ನಮ್ಮ ಸೊಸೈಟಿಯಲ್ಲೂ ಹಾಗೇ.

ಗುರುವಾರ ಪುಂಡಲೀಕ ತಾಂಡೇಲ ಬಂದ:
"ನಿನ್ನೆಯ ನನ್ನ ಇಸ್ವಾಣ ತೆಗಿ."
ತೆಗೆದೆ. ಇವತ್ತಿನ ಒಂಬತ್ತು ಸಾಲು.
ನಿನ್ನೆ ಇಲ್ಲ.
ಬೆಳಿಗ್ಗೆ ಮತ್ತೆ ಶುರು ಮಾಡಿದ್ದೇ ತಡ
ಆ ಒಂಟಿ ಬಾಣ ಬುಧವಾರವನ್ನು
ಸ್ಲೇಟಿನಂತೆ ಒರೆಸಿ ಕೂತಿತ್ತು.
ಫೋನಿನಲ್ಲಿ ಸುಲಕ್ಷಾ:
"ಒಂದು ಹಾಕಿರೆ ಅಳಿಸಿ ಬರೀತದೆ. ಎರಡು ಹಾಕಿರೆ
ಕೆಳಗೆ ಸೇರಸ್ತದೆ. ಹೇಳೂಕೆ ಮರ್ತೆ."

ಪುಂಡಲೀಕ ಬೈಯಲಿಲ್ಲ. ಅದೇ ಕಷ್ಟ.
ಬೆರಳ ಗಂಟು ಎಣಿಸಿ ಹೇಳಿದ: ನಲವತ್ತೊಂದೂವರೆ ಕಿಲೋ,
ಎರಡು ಬುಟ್ಟಿ, ಎರಡನೆಯದರಿಂದ
ಒಂದು ಬಾಲ ಹೊರಗಿತ್ತು.
ಬಾಲ ನನಗೂ ನೆನಪಿತ್ತು. ಕಿಲೋ ಇರಲಿಲ್ಲ.

ಪ್ರೋಗ್ರಾಮು ನಿಲ್ಲಿಸಿ, ನೋಟ್‌ಪ್ಯಾಡು ತೆರೆದು
ಎಲ್ಲಕ್ಕೂ ಮೇಲೆ, ಅವನು ಹೇಳಿದಷ್ಟೇ,
ಒಂದೊಂದಾಗಿ ಕೀಲಿ ಒತ್ತಿದೆ.
ಆಮೇಲೆ ಎರಡು ಬಾಣ.

ಮಳೆಗಾಲದ ಬಂದಿ ಬಂದು ಹೋಯಿತು.
ಈಗ ಸಾವಿರಾರು ಸಾಲು, ಕಿಲೋ ಎಲ್ಲ
ಒಂದರ ಕೆಳಗೊಂದು ಕಂಬದಂತೆ ನಿಂತಿವೆ;
ಮೊದಲನೆಯದು ಮಾತ್ರ
ಒಂದಕ್ಷರದಷ್ಟು ಆಚೆ ಸರಿದಿದೆ.
ಆಡಿಟಿನವರು ಬೆರಳಿಟ್ಟು ತೋರಿಸಿದರು, ಸರಿಪಡಿಸು ಎಂದರು.
ಹೂಂ ಅಂದೆ.
ಇನ್ನೂ ಹಾಗೇ ಇದೆ,
ಬುಟ್ಟಿಯ ಅಂಚು ದಾಟಿದ ಆ ಬಾಲ.