ಹಾರ ಬೇರೆ ಬಾಡಿಗೆ

ವಡಪಳನಿಯ ಮೂರನೇ ಅಡ್ಡಬೀದಿ, ನನ್ನ ಗೋಡೌನು.
ಹದಿನಾರು ಜನ ಕೂತು ಉಣ್ಣುವ ಮೇಜು ಇದೆ,
ಯಾರೂ ಮಲಗದ ತೊಟ್ಟಿಲು, ತಂತಿಯಿಲ್ಲದ ವೀಣೆ,
ಅಣ್ಣತಮ್ಮ ಪಾಲಾಗುವಾಗ ಒಡೆಯಲು
ಪ್ಲಾಸ್ಟರಿನ ತುಳಸಿಕಟ್ಟೆ, ಒಂದು ಡಜನ್.
ಒಟ್ಟು ಕುಟುಂಬಕ್ಕೆ ಬೇಕಾದ್ದೆಲ್ಲ ದಿನದ ಲೆಕ್ಕದಲ್ಲಿ ಸಿಗುತ್ತದೆ.
ಸತ್ತ ತಾಯಿಯ ಫೋಟೋ ಕೂಡ.
ಹಾರ ಬೇರೆ ಬಾಡಿಗೆ.

ಅವಳು ತಿಲಕವತಿ. ಗುಂಪಿನಲ್ಲಿ ನಿಲ್ಲುವವಳು;
ಮದುವೆ ಸೀನಿನಲ್ಲಿ ಅಕ್ಷತೆ ಹಾಕುವ ನಲವತ್ತು ಕೈಗಳಲ್ಲಿ
ಎರಡು ಅವಳವು.
ಒಂದು ಮಧ್ಯಾಹ್ನ ಎಲ್ಲರೂ ಎಲೆ ಮುಂದೆ ಕೂತಿದ್ದಾಗ
ತುರ್ತಾಗಿ ಒಬ್ಬ ಸತ್ತ ತಾಯಿ ಬೇಕಾದಳು.
ಇವಳು ಮೊದಲ ಪಂಕ್ತಿಯಲ್ಲೇ ಉಂಡೆದ್ದಿದ್ದಳು.
ಬಿಳಿ ಪಂಚೆ ಹಿಂದೆ ಕಟ್ಟಿ, ಒಂದೇ ಕ್ಲಿಕ್ಕು.
ನಲವತ್ತೈದು ರೂಪಾಯಿ, ಇನ್ನೊಂದು ಲೋಟ ಪಾಯಸ.
ಬಾಯಲ್ಲಿ ಒಂದು ಗೋಡಂಬಿ ಉಳಿದಿತ್ತಂತೆ.
ಆ ಕೆನ್ನೆಯ ಉಬ್ಬನ್ನೇ ಮುಂದೆ ನಿರ್ದೇಶಕರು
'ಎಂಥ ಕರುಣೆ!' ಎಂದರು.

ತೆಲುಗಿಗೆ ಹೋದರೆ ಗಾಜಿನ ಮೇಲೆ ದೊಡ್ಡ ಬೊಟ್ಟು ಅಂಟಿಸುತ್ತೇನೆ,
ಮಲಯಾಳಕ್ಕೆ ಗಂಧದ ಗೆರೆ,
ಕೊಟ್ಟಾಯಂ ಕಡೆಯ ಕತೆಯಾದರೆ ಹಣೆ ಖಾಲಿ, ಮೇಲೊಂದು ಶಿಲುಬೆ.
ಮೂವತ್ತೊಂದು ಮನೆಗಳಲ್ಲಿ ಸತ್ತಿದ್ದಾಳೆ.
ಹಿರಿಮಗ ಅವಳ ಮೇಲೆ ಆಣೆಯಿಟ್ಟ, ಕಿರಿಸೊಸೆ
ದೀಪ ಆರಿದ್ದು ಕಂಡು ಎದೆ ಹಿಡಿದುಕೊಂಡಳು,
ಇಂಟರ್‌ವಲ್ಲಿಗೆ ಬೀಗದಕೈ ನೆಲಕ್ಕೆ ಬಿತ್ತು, ಕ್ಲೈಮ್ಯಾಕ್ಸಿಗೆ
ಎಲ್ಲರೂ ಅವಳ ಕೆಳಗೆ ಸಾಲಾಗಿ ನಿಂತು ನಕ್ಕರು.
ಅವಳು ಮಾತ್ರ ಗೋಡಂಬಿ ನುಂಗಲಿಲ್ಲ.

ಮೊದಲ ಚಿತ್ರಕ್ಕೆ ಮಕ್ಕಳನ್ನೂ ಕರೆದುಕೊಂಡು ಹೋಗಿದ್ದಳು.
ಪರದೆ ತುಂಬ ಅಮ್ಮನ ಮುಖ, ಮುಖಕ್ಕೆ ಹಾರ.
ಆರು ವರ್ಷದ ಪೂಂಗೊಡಿ ಕುರ್ಚಿ ಮೇಲೆ ನಿಂತು
'ಅಮ್ಮ ಇಲ್ಲೇ ಇದ್ದಾಳೆ! ತೆಗೀರಿ ಅದನ್ನ!' ಎಂದು ಕಿರುಚಿದಳು.
ಹೆಂಗಸರ ಸಾಲೆಲ್ಲ ಅಳು ನಿಲ್ಲಿಸಿ ತಿರುಗಿ ನೋಡಿತು.
ಅಂದಿನಿಂದ ಆ ಹುಡುಗಿ ನನ್ನ ಬಾಗಿಲು ಹಾದರೆ
ಉಗಿದೇ ಮುಂದೆ ಹೋಗುತ್ತಿದ್ದಳು.

ಮೊನ್ನೆ ಆಡಿ ತಿಂಗಳಲ್ಲಿ ತಿಲಕವತಿ ನಿಜವಾಗಿ ಹೋದಳು.
ಬೆಳಗ್ಗೆ ಮಗ ಇಳಂಗೋ ಬಂದ. ಬೆನ್ನಿಗೇ ಪೂಂಗೊಡಿ.
ಮಾತು ಬಿಟ್ಟು ಒಂಬತ್ತು ವರ್ಷ, ಒಂದು ಜೊತೆ ಬಳೆಯ ವಿಷಯ.
ಮನೆಯಲ್ಲಿ ಅವಳದೊಂದು ಫೋಟೋ ಇಲ್ಲ,
ರೇಷನ್ ಕಾರ್ಡಿನಲ್ಲಿ ಹೆಬ್ಬೆಟ್ಟಿನಷ್ಟು ಮಸಿ ಬಿಟ್ಟರೆ.
ಹದಿನಾರನೇ ದಿನಕ್ಕೆ ಇದೇ ಬೇಕು, ಇಬ್ಬರಿಗೂ, ಬೇರೆ ಬೇರೆ ಮನೆಗೆ.
ಇರುವುದು ಒಂದೇ; ನೆಗೆಟಿವ್ ಗೆದ್ದಲು ತಿಂದಿದೆ.
ಮೇಜಿನ ಆಚೆಗೊಬ್ಬ, ಈಚೆಗೊಬ್ಬಳು,
ನಡುವೆ ಹದಿನಾಲ್ಕು ಖಾಲಿ ಕುರ್ಚಿ,
ಪಕ್ಕದಲ್ಲೇ ಒಡೆಯಲು ಸಿದ್ಧವಾದ ತುಳಸಿಕಟ್ಟೆಗಳು.
ಮೂವತ್ತು ವರ್ಷದ ಅಭ್ಯಾಸ, ನಾನು ಕಾಯುತ್ತಿದ್ದೆ:
ಈಗ ಯಾರಾದರೂ ಕಾಲಿಗೆ ಬೀಳುತ್ತಾರೆ,
ಗಾಳಿಗೆ ಹಾರದಿಂದ ಹೂವೊಂದು ಉದುರುತ್ತದೆ.
ಗಾಳಿಯ ಫ್ಯಾನು ರಿಪೇರಿಗೆ ಹೋಗಿತ್ತು.

ಕೊನೆಗೆ ಬೆಳಗಿನ ಪೂಜೆ ಅವನಿಗೆ, ಸಂಜೆಯದು ಅವಳಿಗೆ ಎಂದಾಯಿತು.
ನಡುವೆ ಪಟ ತೊಡೆಯ ಮೇಲಿಟ್ಟುಕೊಂಡು
ಆಟೋದಲ್ಲಿ ಹೋದವನು ನಾನು.
ಪುಸ್ತಕದಲ್ಲಿ ಬರೆದೆ: ಅರ್ಧ ದಿನ. ಅರ್ಧ ದಿನ.
ಮೊತ್ತದ ಜಾಗ ಖಾಲಿ.
ಪೂಂಗೊಡಿ ಬಿಡದೆ ಐವತ್ತು ರೂಪಾಯಿ ಕೈಗಿಟ್ಟಳು:
'ಹಾರದ್ದು.'

ಇವತ್ತು ಪೋರೂರಿನ ಸೆಟ್ಟಿಗೆ ಬುಕ್ಕಾಗಿದೆ.
ಒರೆಸಲು ತೆಗೆದೆ. ಗಾಜಿನ ಮೇಲೆ ಎರಡು ಕುಂಕುಮ,
ಒಂದರ ಮೇಲೊಂದು, ಸ್ವಲ್ಪ ವಾರೆ;
ಕೆಳಗೆ, ಕೆನ್ನೆಯ ಉಬ್ಬಿನ ಹತ್ತಿರ, ಬೆರಳಿನ ಎಣ್ಣೆಗುರುತು,
ಏನನ್ನೋ ನುಂಗಿಸಲು ನೋಡಿದವರದರ ಹಾಗೆ.
ಬಟ್ಟೆ ಒದ್ದೆ ಮಾಡಿಕೊಂಡು ಕೂತಿದ್ದೇನೆ.
ಹೊರಗೆ ಪ್ರೊಡಕ್ಷನ್ ಹುಡುಗ
ಎರಡನೇ ಸಲ ಹಾರ್ನ್ ಹೊಡೆಯುತ್ತಿದ್ದಾನೆ.