ಇತರೆ

ಹಾಸ್ಟೆಲ್ ಸೆಕ್ಷನ್ನಿನಲ್ಲಿ ಕಿಟಕಿಯಿಲ್ಲದ ಬದಿಯ ಮೇಜು ನನ್ನದು.
ಮಂಜೇಶ್ವರದಿಂದ ಲೋಕಲ್ಲು, ಕಾಞಂಗಾಡಿನಿಂದ ಬಸ್ಸು,
ಕೊನೆಗೆ ಮುರಕಲ್ಲಿನ ಪದವು ಹತ್ತಿ
ಹತ್ತಕ್ಕೆ ಐದು ನಿಮಿಷವಿರುವಾಗ ಬೆರಳೊತ್ತುತ್ತೇನೆ.
ಯಂತ್ರ ನನ್ನನ್ನು ಎರಡನೇ ಸಲಕ್ಕೆ ಗುರುತು ಹಿಡಿಯುತ್ತದೆ.

ಅಡ್ಮಿಷನ್ ದಿನ ಬಾಗಿಲ ತುಂಬ ಟ್ರಂಕು.
ಮೂರು ಹಗಲು ರೈಲಿನಲ್ಲಿ ಕೂತು ಊದಿದ ಕಾಲು,
ಒದ್ದೆಯಾದ ಟಿ.ಸಿ.
ನಾನು ಕೇಳುವುದು: ಹೆಸರು, ರಕ್ತದ ಗುಂಪು, ಮೀನು ತಿನ್ನುತ್ತೀರಾ,
ಆಮೇಲೆ ಧರ್ಮ.
ಬಾಣದ ಗುರುತು ಒತ್ತಿದರೆ ಪರದೆಯಲ್ಲಿ ಹೆಸರುಗಳು
ಬಾವಿಯ ಮೆಟ್ಟಿಲಿನ ಹಾಗೆ ಇಳಿಯುತ್ತವೆ.
ಕೊನೆಯ ಮೆಟ್ಟಿಲು: ಇತರೆ.
ಅದರ ಕೆಳಗೆ ನೀರು.

ಬುಧನಿ ಟೊಪ್ಪೊ, ಗುಮ್ಲಾ ಜಿಲ್ಲೆ, ಭಾಷಾಶಾಸ್ತ್ರ.
‘ಸರ್ನಾ’ ಅಂದಳು.
ಎಸ್ ಒತ್ತಿದೆ. ಸಿಖ್ ಬಂತು.
ಮತ್ತೆ ಒತ್ತಿದೆ. ಮತ್ತೆ ಸಿಖ್.
‘ಇತರೆ ಹಾಕಿ ಮೇಡಂ, ಅಭ್ಯಾಸ ಉಂಟು’
ಎಂದು ಹಿಂದಿಯಲ್ಲಿ ನಕ್ಕಳು.
ನನಗೂ ಉಂಟು.
ಅಪ್ಪ ಬರೆಸಿದ್ದು ವೇದಾವತಿ ಗಟ್ಟಿ.
ಕನ್ನಡದಲ್ಲಿ ಕೊಟ್ಟ ಅರ್ಜಿ ಮಲಯಾಳದಲ್ಲಿ ಹಿಂದೆ ಬಂದಾಗ
ನಾನು ಗೆಟ್ಟಿಯಾಗಿದ್ದೆ.
ತಿದ್ದಿಸಲು ಮೂರು ಆಫೀಸು ಅಲೆದೆ.
ನಾಲ್ಕನೆಯದಕ್ಕೆ ಹೋಗಲಿಲ್ಲ.

ಆ ವರ್ಷ ಅರ್ಜಿಗಳು ಜಾಸ್ತಿ.
ಲೋಸರ್ ದಿನ ಪರೀಕ್ಷೆ ಬೇಡ.
ನೋಂಬಿನ ತಿಂಗಳು ಮೆಸ್ಸು ಬೆಳಗಿನ ಜಾವ ನಾಲ್ಕಕ್ಕೆ ತೆರೆಯಲಿ.
ಭಾನುವಾರ ವೈವಾ ಇಟ್ಟರೆ ಚರ್ಚು ಹೇಗೆ?
ಸಮಿತಿ ಕೂತಿತು. ಪಳಂಪೊರಿ ತಿಂದಿತು.
ಹಳೇ ಜನರೇಟರ್ ರೂಮಿಗೆ ಸುಣ್ಣ ಬಳಿದು
‘ಮೌನ ಕೋಣೆ’ ಎಂದು ಬೋರ್ಡು ಹಾಕಿತು, ಮೂರು ಭಾಷೆಯಲ್ಲಿ;
ಮೂರರಲ್ಲಿ ಕನ್ನಡ ಇರಲಿಲ್ಲ.
ಬೀಗದ ಕೈ ನನ್ನ ಡ್ರಾಯರಿಗೆ ಬಂತು,
ಜೊತೆಗೊಂದು ರಿಜಿಸ್ಟರು.

‘ಉದ್ದೇಶ’ ಎಂಬ ಕಾಲಮಿನಲ್ಲಿ
ಹೆರಾತಿನ ಫರೀದೂನ್ ದಿನಕ್ಕೆ ಎರಡು ಸಲ ಬರೆದ: ನಮಾಜು.
ಲೇಹದ ಸ್ಟಾಂಜಿನ್: ಕೂತುಕೊಳ್ಳಲು.
ಉಖ್ರುಲ್‌ನ ಹುಡುಗಿ: ಅಮ್ಮನಿಗೆ ಫೋನು, ಅಳು.
ಕೋಟ್ಟಯದ ಒಬ್ಬ: ನಿದ್ದೆ.
ನಿದ್ದೆಗೆ ಕೆಂಪು ಶಾಯಿಯ ಸುತ್ತು ಹಾಕಿ ಮೇಲಿನವರು ಕಳಿಸಿದರು.
ಅಳುವಿಗೆ ಹಾಕಿರಲಿಲ್ಲ.

ಬುಧನಿ ಒಂದೇ ಸಲ ಒಳಗೆ ಹೋಗಿ
ತಲೆಯೆತ್ತಿ ನೋಡಿ ಬಂದು ಬೀಗದ ಕೈ ತಿರುಗಿ ಕೊಟ್ಟಳು.
‘ಒಳ್ಳೆಯ ಕೋಣೆ ಮೇಡಂ. ಆದರೆ ಮಾಡು ಉಂಟಲ್ಲ.
ನಮಗೆ ಒಂದು ಮರ ಸಾಕಿತ್ತು.’

ಫೈಲಿನಲ್ಲಿ ಬರೆದೆ: ಒಂದು ಮರ.
ಸುಕುಮಾರನ್ ಸಾರ್ ಕನ್ನಡಕ ತೆಗೆದರು:
‘ಮರಕ್ಕೆ ಬೀಗ ಹೇಗೆ ಹಾಕುತ್ತೀರಿ, ಗೆಟ್ಟೀ?’

ಕೇಳಿಸಿಕೊಂಡದ್ದು ವಾಚ್‌ಮನ್ ಚೆರಿಯಂಬು.
ಬಸ್ಸಿಗೆ ಕಾಯುವಾಗ ತುಳುವಿನಲ್ಲಿ, ತಗ್ಗಿದ ದನಿಯಲ್ಲಿ ಹೇಳಿದ:
ಪಂಪ್‌ಹೌಸಿನ ಹಿಂದೆ ಒಂದು ಪಾಲೆ ಮರ.
ಅದರ ಬುಡದಲ್ಲಿ ಅವನ ಮಾವ ವರ್ಷಕ್ಕೊಮ್ಮೆ ಇಡುತ್ತಿದ್ದದ್ದು
ದೀಪ, ಕೋಳಿ, ಒಂದು ಕುಡ್ತೆ ಕಳ್ಳು.
ಜಾಗ ಅಳೆಯಲು ಬಂದವರು ಕಾಗದದಲ್ಲಿ ಬರೆದದ್ದು
ಪಾಳು ನೆಲ.
‘ಈಗ ನೀವು ಹೋಗುವುದಿಲ್ಲವಾ?’
‘ಡ್ಯೂಟಿ ಉಂಟಲ್ಲ’ ಎಂದ.

ಚೈತ್ರದಲ್ಲಿ ಒಂದು ಸಂಜೆ
ಐದೂ ಐವತ್ತರ ಬಸ್ಸಿಗೆ ಓಡುತ್ತಾ ನಾನು ಕಂಡದ್ದು ಇಷ್ಟು:
ಅಂಚೆಯಲ್ಲಿ ಬಂದ ಒಣಗಿದ ಸಾಲ್ ಹೂವನ್ನು
ಬುಧನಿ ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು,
ಪಾಲೆಯ ಬುಡಕ್ಕೆ ಪ್ಲಾಸ್ಟಿಕ್ ಬಾಟಲಿಯಿಂದ ನೀರು.
ಇಪ್ಪತ್ತು ಮಾರು ಆಚೆ ಚೆರಿಯಂಬು
ಟೋಪಿ ಕಂಕುಳಲ್ಲಿಟ್ಟು ಬೇರೆಲ್ಲೋ ನೋಡುತ್ತ ನಿಂತಿದ್ದ.
ಬೂಟು ಕಳಚಿದ್ದ.

ಜೂನಿನಲ್ಲಿ ಫೈಲು ಹಿಂದೆ ಬಂತು:
ಯಾವ ಮರ? ಸಂಖ್ಯೆ?
ಯಾರೋ ಬಂದು ತೊಗಟೆಯ ಮೇಲೆ
ಬಿಳಿ ಬಣ್ಣದಲ್ಲಿ ಬರೆದು ಹೋದರು: 117.
ಉಳಿಸಲಿಕ್ಕೋ ಕಡಿಯಲಿಕ್ಕೋ
ಕೇಳಿದರೆ ಎಂಜಿನಿಯರಿಂಗ್ ಸೆಕ್ಷನ್ನು ಹೇಳುವುದಿಲ್ಲ.
ಎರಡಕ್ಕೂ ಬಣ್ಣ ಒಂದೇ.

ಇವತ್ತು ಆ ದಾರಿಯಾಗಿ ಬಂದೆ.
ಏಳರ ಮೇಲೆ ಕೆಂಪು ಬಿಳಿ ನೂಲು ಸುತ್ತಿದೆ.
ಬುಡದಲ್ಲಿ ಎಣ್ಣೆಯ ಕಲೆ,
ಹತ್ತಿರ ಬಗ್ಗಿದರೆ ಕಳ್ಳಿನ ವಾಸನೆ.
ರಿಜಿಸ್ಟರಿನಲ್ಲಿ ಯಾರ ಸಹಿಯೂ ಇಲ್ಲ.
ನಾನು ಕೇಳಲಿಲ್ಲ.